ಪಕ್ಕದ ಮನೆಯವಳಿಗೆ ಬಂತು, ನಮ್ಮ ಮಗಳಿಗೆ ಯಾಕಿಲ್ಲ?

ಓದುಗರ ಪ್ರಶ್ನೆ: ನಾವು ಶಿಡ್ಲಘಟ್ಟದವರು. ಯಜಮಾನರು ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿ ಮಾಡುತ್ತಾರೆ. ಮಗಳು ಚಿಕ್ಕಬಳ್ಳಾಪುರದಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದಾಳೆ. ಪಕ್ಕದ ಮನೆ ಹುಡುಗಿಯೂ ಅದೇ ಕಾಲೇಜು, ಅದೇ ಕ್ಲಾಸು. ನಾವೂ 2ಎ, ಅವರೂ 2ಎ. ಅವರಿಗೆ ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ, ನಮಗೆ ಒಂದು ಗುಂಟೆಯೂ ಇಲ್ಲ. ಆದರೂ ಅವಳಿಗೆ 5,500 ರೂಪಾಯಿ ಬಂತು, ನಮಗೆ ಏನೂ ಇಲ್ಲ. ಸ್ಕಾಲರ್‌ಶಿಪ್ ಬಡವರಿಗೆ ತಾನೇ ಕೊಡೋದು?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಅಮ್ಮಾ. ಆ 5,500 ಅನ್ನೋ ಅಂಕಿ ನೋಡಿ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದುವ ಹೆಣ್ಣುಮಕ್ಕಳಿಗೆ ರೈತ ವಿದ್ಯಾನಿಧಿಯಲ್ಲಿ ವರ್ಷಕ್ಕೆ ಗೊತ್ತುಮಾಡಿದ ಮೊತ್ತ ಅದು. ಗಂಡುಮಕ್ಕಳಿಗೆ 5,000. ಹಾಗಾಗಿ ಅವಳಿಗೆ ಬಂದದ್ದು ಬಹುತೇಕ ಆ ಯೋಜನೆಯ ದುಡ್ಡು. ಅದು ಬಂದದ್ದು ಅವರು 2ಎ ಅಂತ ಅಲ್ಲ, ಬಡವರು ಅಂತಲೂ ಅಲ್ಲ. ಆ ಎರಡು ಎಕರೆ ತೋಟ ಇರೋದಕ್ಕೇ ಬಂದಿದೆ.

ರೈತ ವಿದ್ಯಾನಿಧಿ 2021ರಲ್ಲಿ ಶುರುವಾಯಿತು. ರೈತರ ಮಕ್ಕಳು ಹತ್ತನೇ ತರಗತಿ ಮುಗಿಸಿ ಮುಂದೆ ಓದಲಿ ಅನ್ನೋದು ಉದ್ದೇಶ. ಪಿಯುಸಿ, ಐಟಿಐ, ಡಿಪ್ಲೊಮಾ ಓದುವ ಹುಡುಗರಿಗೆ 2,500, ಹುಡುಗಿಯರಿಗೆ 3,000. ಎಂಜಿನಿಯರಿಂಗ್, ವೈದ್ಯಕೀಯ, ಸ್ನಾತಕೋತ್ತರ ಓದುವವರಿಗೆ 10,000 ಮತ್ತು 11,000. ಇಲ್ಲಿ ಯಾವ ಜಾತಿ ಅಂತ ಕೇಳುವುದಿಲ್ಲ. ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಜಮೀನಿದ್ದು, 'ಫ್ರೂಟ್ಸ್' ಅನ್ನೋ ರೈತರ ದಾಖಲೆಯಲ್ಲಿ ಅವರ ಹೆಸರು ಸೇರಿರಬೇಕು. ಆ ಸಂಖ್ಯೆಯನ್ನು ಎಲ್ಲರೂ ಎಫ್‌ಐಡಿ ಅಂತಾರೆ. ವಿದ್ಯಾರ್ಥಿಯ ಅರ್ಜಿಯಲ್ಲಿರುವ ಅಪ್ಪ-ಅಮ್ಮನ ಆಧಾರ್ ಆ ಎಫ್‌ಐಡಿಗೆ ತಾಳೆಯಾದರೆ ದುಡ್ಡು ಹೋಗುತ್ತದೆ. ಜಮೀನಿದ್ದೂ ಸಿಗದವರು ನಮ್ಮ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಪಹಣಿ ಇನ್ನೂ ತಾತನ ಹೆಸರಲ್ಲೇ ಇರುತ್ತದೆ, ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಮಾಡಿಸಿರುವುದಿಲ್ಲ. ಉಳುವವರು ಅವರೇ, ದಾಖಲೆಯಲ್ಲಿ ಮಾತ್ರ ರೈತರಲ್ಲ. ಅಂಥವರು ಮೊದಲು ಖಾತೆ ಸರಿಮಾಡಿಸಿಕೊಂಡು, ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲೋ ರೇಷ್ಮೆ ಅಥವಾ ತೋಟಗಾರಿಕೆ ಇಲಾಖೆಯಲ್ಲೋ ಎಫ್‌ಐಡಿ ಮಾಡಿಸಬೇಕು.

ಜಮೀನಿದ್ದವರಿಗೆ ಕೊಟ್ಟು ಕೂಲಿಯವರನ್ನು ಬಿಡೋದು ಸರಿಯಾ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಭೂಮಿ ಇಲ್ಲದ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರ ಮಕ್ಕಳಿಗೂ ಕೊಡುತ್ತೇವೆ ಅಂತ ಆಮೇಲೆ ಸೇರಿಸಿದರು. ಆದರೆ ನೂಲು ಬಿಚ್ಚುವವರು ನೇಕಾರರ ಲೆಕ್ಕಕ್ಕೆ ಬರುವುದಿಲ್ಲ, ಕೃಷಿ ಕಾರ್ಮಿಕರ ಲೆಕ್ಕಕ್ಕೂ ಬರುವುದಿಲ್ಲ. ಗೂಡು ಬೆಳೆದವರಿಗೆ ಒಂದು ಹೆಸರಿದೆ, ಸೀರೆ ನೇಯ್ದವರಿಗೆ ಒಂದು ಹೆಸರಿದೆ. ನಡುವೆ ಬಿಸಿನೀರಲ್ಲಿ ಕೈ ಅದ್ದಿ ಎಳೆ ತೆಗೆದವರು ಎರಡೂ ಪಟ್ಟಿಯಲ್ಲಿಲ್ಲ.

ಹಾಗಂತ ನಿಮ್ಮ ಮಗಳಿಗೆ ದಾರಿ ಇಲ್ಲ ಅಂತಲ್ಲ. ನಾವೆಲ್ಲ 'ಸ್ಕಾಲರ್‌ಶಿಪ್' ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ನಿಜವಾಗಿ ಅಲ್ಲಿರೋದು ಹತ್ತಾರು ಯೋಜನೆ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಹೀಗೆ ಒಂದೊಂದು ಇಲಾಖೆಗೆ ಒಂದೊಂದು ನಿಯಮ. ಅರ್ಜಿ ಹಾಕುವ ಜಾಗ ಮಾತ್ರ ಒಂದೇ, ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ. ಎಲ್ಲರ ಬಾಯಲ್ಲೂ ಅದು ಎಸ್‌ಎಸ್‌ಪಿ. ಹತ್ತನೇ ತರಗತಿವರೆಗೆ ಮೆಟ್ರಿಕ್ ಪೂರ್ವ, ಪಿಯುಸಿಯಿಂದ ಮೇಲೆ ಮೆಟ್ರಿಕ್ ನಂತರ. ನೀವು ಕೊಟ್ಟ ಜಾತಿ, ಆದಾಯ, ಕೋರ್ಸು ನೋಡಿ ಅರ್ಜಿ ಆಯಾ ಇಲಾಖೆಗೆ ಹೋಗುತ್ತದೆ. ಅದಕ್ಕೇ 'ನಾವು ಅರ್ಹರಾ?' ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. 'ಯಾವುದಕ್ಕೆ ಅರ್ಹರು?' ಅಂತ ಕೇಳಬೇಕು.

2ಎ ಆದ್ದರಿಂದ ನಿಮ್ಮದು ಹಿಂದುಳಿದ ವರ್ಗಗಳ ಇಲಾಖೆ. ಅಲ್ಲಿ ಮುಖ್ಯವಾಗಿ ಮೂರು ಸವಲತ್ತು ನೋಡಬಹುದು: ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ವಿದ್ಯಾಸಿರಿ. ವಿದ್ಯಾಸಿರಿ ಹಾಸ್ಟೆಲ್ ಸಿಗದ ಮಕ್ಕಳ ಊಟ-ವಸತಿಗೆ. ತಿಂಗಳಿಗೆ 1,500ರಂತೆ 10 ತಿಂಗಳು, ಅಂದರೆ ವರ್ಷಕ್ಕೆ 15,000 ಅಂತ ವರ್ಷಗಟ್ಟಲೆ ಕೊಟ್ಟಿದ್ದಾರೆ; ಈ ವರ್ಷ ಎಷ್ಟು ಅಂತ ಪ್ರಕಟಣೆಯಲ್ಲಿ ನೋಡಿ. ಮನೆಯಿಂದ ಕಾಲೇಜು 5 ಕಿಲೋಮೀಟರಿಗಿಂತ ದೂರ ಇರಬೇಕು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ಅಂದರೆ ಆ ಚಿಂತೆ ಇಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿದ್ದರೆ ಇದು ಸಿಗದು. ಇನ್ನೊಂದು ಮಾತು. ಇದಕ್ಕೆ ಅರ್ಹತೆ ಇದ್ದರೆ ಸಾಲದು, ಆಯ್ಕೆಯಾಗಬೇಕು. ಹಣ ಇಷ್ಟೇ, ಅರ್ಜಿ ಜಾಸ್ತಿ, ಹಾಗಾಗಿ ಅಂಕ ಮತ್ತು ಪ್ರವರ್ಗ ನೋಡಿ ಪಟ್ಟಿ ಮಾಡುತ್ತಾರೆ. 'ಎಲ್ಲ ಕಾಗದ ಸರಿ ಇತ್ತು, ಆದರೂ ಬರಲಿಲ್ಲ' ಅನ್ನೋರಲ್ಲಿ ಕೆಲವರಿಗೆ ಕಾರಣ ಇದೇ.

ಈಗ ಆದಾಯದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಗೊತ್ತುಮಾಡಿದ ಮಿತಿ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ. ಹಿಂದುಳಿದ ವರ್ಗಗಳಲ್ಲಿ ಎಲ್ಲರಿಗೂ ಒಂದೇ ಗೆರೆ ಇರಲಿಲ್ಲ. ಪ್ರವರ್ಗ 1ಕ್ಕೆ 2.5 ಲಕ್ಷ ಇದ್ದ ಕಾಲದಲ್ಲೂ 2ಎ, 3ಎ, 3ಬಿಗೆ 1 ಲಕ್ಷವೇ ಮಿತಿಯಾಗಿ ವರ್ಷಗಟ್ಟಲೆ ನಡೆದಿದೆ. ಈ ಅಂಕಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಪಕ್ಕದ ಮನೆಯವರು ಹೋದ ವರ್ಷ ಹೇಳಿದ್ದನ್ನು ನಂಬಬೇಡಿ, ಈ ವರ್ಷದ ಪ್ರಕಟಣೆಯನ್ನೇ ನೋಡಿ. ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿ ಕಚೇರಿಯ ಬೋರ್ಡಿನಲ್ಲಿ ಹಾಕಿರುತ್ತಾರೆ.

ಆದರೆ ಮಿತಿ ಎಷ್ಟೇ ಇರಲಿ, ತಂತ್ರಾಂಶಕ್ಕೆ ನಿಮ್ಮ ಮನೆಯ ಕಷ್ಟ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾಡಕಚೇರಿಯ ಪ್ರಮಾಣಪತ್ರದಲ್ಲಿರುವ ಅಂಕಿ. ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಸಂಖ್ಯೆ ಇರುತ್ತದಲ್ಲ, ಅದನ್ನು ಹಾಕಿದ ಕೂಡಲೇ ಆದಾಯ ಅಲ್ಲಿಂದಲೇ ಬಂದು ಕೂರುತ್ತದೆ. ಎಷ್ಟೋ ಜನ ಪ್ರಮಾಣಪತ್ರ ಮಾಡಿಸುವಾಗ ಆ ಅಂಕಿಯನ್ನು ಓದುವುದೇ ಇಲ್ಲ. ಕೈಗೆ ಕಾಗದ ಬಂತಾ, ಬಂತು, ಆಯಿತು. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ. ಅಂದರೆ ಅದರಲ್ಲಿ ತಪ್ಪು ಅಂಕಿ ಬಿದ್ದಿದ್ದರೆ 5 ವರ್ಷವೂ ಅದೇ ತಪ್ಪು ಎಳೆದುಕೊಂಡು ಹೋಗುತ್ತದೆ. ನಿಜವಾದ ಆದಾಯ ಕಡಿಮೆಯಾಗಿದ್ದರೆ ಹೊಸದಾಗಿ ಅರ್ಜಿ ಹಾಕಿ, ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬಂದಾಗ ಕೂಲಿಯ ಲೆಕ್ಕವನ್ನು ಬಿಡಿಸಿ ಹೇಳಿ. ಸುಮ್ನೆ ಕಡಿಮೆ ಬರೆಸಿಕೊಳ್ಳುವ ದಾರಿ ಹೇಳಿಕೊಡುವವರೂ ಸಿಗುತ್ತಾರೆ. ಆ ಸಹವಾಸ ಬೇಡ. ನಾಳೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ದುಡ್ಡು ವಾಪಸ್ ಕಟ್ಟಬೇಕಾಗುತ್ತದೆ.

ಕುಟುಂಬದ ಆದಾಯ ಅಂದರೆ ಯಾರದ್ದೆಲ್ಲ? ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗೆ ಹೋಗುವ ಅಣ್ಣಂದಿರು ಈಗ ಕೋಲಾರದ ಹಳ್ಳಿ ಹಳ್ಳಿಯಲ್ಲಿದ್ದಾರೆ. ಅಣ್ಣನ ಸಂಬಳ ಸೇರಿಸಬೇಕಾ ಅಂತ ಸುಮಾರು ಜನ ಕೇಳುತ್ತಾರೆ. ಪರಿಶಿಷ್ಟ ಜಾತಿ, ಪಂಗಡದ ಮೆಟ್ರಿಕ್ ನಂತರದ ಯೋಜನೆಯ ನಿಯಮದಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿದೆ. ಅಪ್ಪ-ಅಮ್ಮ ಇರುವವರೆಗೆ ಅವರ ಆದಾಯ ಮಾತ್ರ ಲೆಕ್ಕ. ಅಣ್ಣ, ಅಕ್ಕ ದುಡಿದದ್ದು ಸೇರುವುದಿಲ್ಲ. ಮದುವೆಯಾಗಿ ಓದುತ್ತಿರುವ, ಕೆಲಸ ಇಲ್ಲದ ಹೆಣ್ಣುಮಗಳಿಗೆ ಗಂಡನ ಆದಾಯ ನೋಡುತ್ತಾರೆ.

ಜಾತಿ ಪ್ರಮಾಣಪತ್ರದಲ್ಲೂ ಒಂದು ಸೂಕ್ಷ್ಮ ಇದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ರವರಿಗೆ ಜಾತಿ ಪ್ರಮಾಣಪತ್ರ ಒಮ್ಮೆ ಮಾಡಿಸಿದರೆ ಸಾಕು, ಆದಾಯದ್ದು ಬೇರೆ. 2ಎ, 2ಬಿ, 3ಎ, 3ಬಿಗೆ ಜಾತಿ-ಆದಾಯ ಎರಡೂ ಒಂದೇ ಕಾಗದದಲ್ಲಿ ಬರುತ್ತದೆ, ಅದಕ್ಕೆ 5 ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದನ್ನು ಡಿಗ್ರಿಗೆ ತಂದರೆ ನಡೆಯುವುದಿಲ್ಲ. ನಿಮ್ಮ ಮಗಳದ್ದು ಯಾವ ವರ್ಷದ್ದು, ಇವತ್ತೇ ತೆಗೆದು ನೋಡಿ. ಕೇಂದ್ರದ ಒಬಿಸಿ ಪ್ರಮಾಣಪತ್ರ ಬೇರೆಯದು, ಅದನ್ನು ಇಲ್ಲಿ ಹಾಕಬೇಡಿ.

ಇನ್ನು ಹೆಸರು. ನಮ್ಮ ಕಡೆ ವೆಂಕಟರವಣಪ್ಪ ಅನ್ನೋರೇ ವೆಂಕಟರಮಣಪ್ಪ, ಅವರೇ ವೆಂಕಟರಾಯಪ್ಪ. ಊರಲ್ಲಿ ಯಾರಿಗೂ ತೊಂದರೆ ಇಲ್ಲ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಆರ್‌ಡಿ ಪ್ರಮಾಣಪತ್ರದಲ್ಲಿ ಇನ್ನೊಂದು ಇದ್ದರೆ ಮಾತ್ರ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ವಿದ್ಯಾರ್ಥಿಯ ಹೆಸರಿನ ಹಿಂದಿನ ಇನಿಶಿಯಲ್ ಮುಂದೆ ಹೋದರೂ ರಗಳೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಉಳಿದದ್ದನ್ನು ತಿದ್ದಿಸಿಕೊಳ್ಳುವುದು ಸುಲಭದ ದಾರಿ. ಅಂಕಪಟ್ಟಿ ತಿದ್ದಿಸಲು ಹೊರಟರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಕೋರ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿ.ಎ. ಮುಗಿಸಿ ಮತ್ತೆ ಬಿ.ಕಾಂ. ಸೇರಿದರೆ, ಅಂದರೆ ಅದೇ ಹಂತವನ್ನು ಬೇರೆ ವಿಷಯದಲ್ಲಿ ಇನ್ನೊಮ್ಮೆ ಓದಿದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಗದು. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಸರ್ಕಾರ ಶುಲ್ಕ ತುಂಬಿಕೊಡುತ್ತದೆ ಅಂತ ನಂಬಿ ಸೇರಬೇಡಿ. ಬಾಗೇಪಲ್ಲಿಯಿಂದ ಹಿಂದೂಪುರಕ್ಕೆ, ಶ್ರೀನಿವಾಸಪುರದಿಂದ ಮದನಪಲ್ಲಿಗೆ ಓದಲು ಹೋಗುವ ಪರಿಶಿಷ್ಟ ಜಾತಿಯ ಮಕ್ಕಳು ಆಂಧ್ರದವರನ್ನು ಕೇಳುತ್ತಾ ಕೂರಬೇಕಿಲ್ಲ. ವಿದ್ಯಾರ್ಥಿ ಯಾವ ರಾಜ್ಯದವರೋ ಆ ರಾಜ್ಯವೇ ಕೊಡಬೇಕು ಅನ್ನೋದು ಆ ಯೋಜನೆಯ ನಿಯಮ. ಜಿಲ್ಲಾ ಸಮಾಜ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಇಷ್ಟೆಲ್ಲ ಸರಿ ಇದ್ದು, ಅರ್ಜಿ ಮಂಜೂರು ಅಂತ ತೋರಿಸಿಯೂ ದುಡ್ಡು ಬಾರದ ಮನೆಗಳಿವೆ. ಅವರದ್ದು ಅರ್ಹತೆಯ ಸಮಸ್ಯೆಯೇ ಅಲ್ಲ, ಬ್ಯಾಂಕಿನದ್ದು. ಅರ್ಜಿಯಲ್ಲಿ ಖಾತೆ ನಂಬರ್ ಬರೆದರೆ ಆ ಖಾತೆಗೇ ಬರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ದುಡ್ಡು ಹೋಗುವುದು ಆಧಾರ್ ಸಂಖ್ಯೆಯ ಬೆನ್ನು ಹಿಡಿದು. ಒಂದು ಆಧಾರಿಗೆ ಯಾವ ಬ್ಯಾಂಕು ಅನ್ನೋ ಪಟ್ಟಿ ಎನ್‌ಪಿಸಿಐ, ಅಂದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ವ್ಯವಸ್ಥೆ ನಡೆಸುವ ಸಂಸ್ಥೆಯ ಹತ್ತಿರ ಇರುತ್ತದೆ. ಅದರಲ್ಲಿ ಒಂದೇ ಬ್ಯಾಂಕಿಗೆ ಜಾಗ, ಕೊನೆಗೆ ಜೋಡಿಸಿದ್ದು ಯಾವುದೋ ಅದಕ್ಕೆ. ಬ್ಯಾಂಕಿನವರು 'ಆಧಾರ್ ಲಿಂಕ್ ಆಗಿದೆ' ಅಂದರೆ ಅದು ಕೆವೈಸಿ, ಅಂದರೆ ಗ್ರಾಹಕರ ಗುರುತಿನ ದಾಖಲೆ ಸೇರಿಸಿದ್ದು ಆಗಿರಬಹುದು ಅಷ್ಟೇ. 'ಎನ್‌ಪಿಸಿಐ ಸೀಡಿಂಗ್ ಆಗಿದೆಯಾ' ಅಂತಲೇ ಕೇಳಿ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಮಗಳೇ ನೋಡಿಕೊಳ್ಳಬಹುದು. ಎಂದೋ ತೆರೆದು ಮರೆತ ಖಾತೆಗೆ ಹೋಗಿ ಬಿದ್ದಿರುವುದೂ ಉಂಟು. 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ಅವಳ ಆಧಾರ್ ಹಾಕಿ ನೋಡಿದರೆ ಯಾವ ದುಡ್ಡು, ಯಾವ ದಿನ, ಯಾವ ಬ್ಯಾಂಕಿಗೆ ಹೋಗಿದೆ ಅನ್ನೋದು ಕಾಣುತ್ತದೆ.

ಪರಿಶಿಷ್ಟ ಜಾತಿಯವರಿಗೆ ಇನ್ನೊಂದು ಗೊಂದಲ. 'ಅರ್ಧ ಬಂತು, ಇನ್ನರ್ಧ ಯಾರೋ ತಿಂದರು' ಅನ್ನೋ ಮಾತು. ಆ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ರಾಜ್ಯ ತನ್ನ ಪಾಲು ಹಾಕಿದ ಮೇಲೆ ಕೇಂದ್ರ ತನ್ನದನ್ನು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಹಾಕುತ್ತದೆ. ಎರಡರ ನಡುವೆ ತಿಂಗಳುಗಳು ಕಳೆಯಬಹುದು.

ಈಗ ನಿಮ್ಮ ಮಗಳು ಮಾಡಬೇಕಾದ್ದು. ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದಾಳಾ ಮೊದಲು ಕೇಳಿ. 'ಪಿಯುಸಿಯಲ್ಲಿ ಹಾಕಿದ್ದೆ, ಅದೇ ಮುಂದುವರಿಯುತ್ತೆ' ಅಂದುಕೊಂಡು ಕೂತವರು ಬಹಳ. ಮೆಟ್ರಿಕ್ ನಂತರದ್ದಕ್ಕೆ ಪ್ರತಿ ವರ್ಷ ಹಾಕಬೇಕು. ಹಾಕಿದ್ದರೆ ಲಾಗಿನ್ ಮಾಡಿ ಅರ್ಜಿ ಎಲ್ಲಿ ನಿಂತಿದೆ ನೋಡಲಿ. ಕಾಲೇಜಿನ ಹಂತದಲ್ಲೇ ನಿಂತಿದ್ದರೆ ಇಲಾಖೆಗೆ ಅಲೆದು ಪ್ರಯೋಜನ ಇಲ್ಲ. ದಾಖಲೆಗಳನ್ನು ನೋಡಿ ಇ-ದೃಢೀಕರಣ ಮಾಡುವ ಅಧಿಕಾರಿ ಕಾಲೇಜಿನಲ್ಲೇ ಇರುತ್ತಾರೆ, ಅವರನ್ನು ಕಾಣಬೇಕು. ತಿರಸ್ಕೃತ ಅಂತ ಇದ್ದರೆ ಪಕ್ಕದಲ್ಲೇ ಕಾರಣ ಬರೆದಿರುತ್ತದೆ, ಅದರ ಪ್ರಿಂಟ್ ತೆಗೆದುಕೊಂಡು ಶಿಡ್ಲಘಟ್ಟದ ಹಿಂದುಳಿದ ವರ್ಗಗಳ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ. ಕಾರಣ ಕೈಯಲ್ಲಿದ್ದರೆ 'ನಾಳೆ ಬನ್ನಿ' ಅಂತ ಸಾಗಹಾಕುವುದು ಅಷ್ಟು ಸುಲಭ ಅಲ್ಲ. ಎಸ್‌ಎಸ್‌ಪಿ ಅರ್ಜಿಗೆ ಸರ್ಕಾರದ ಶುಲ್ಕ ಇಲ್ಲ. ಸೈಬರ್ ಸೆಂಟರಿನವರು ತೆಗೆದುಕೊಳ್ಳುವುದು ಅವರ ಕೂಲಿ, ಜಾಸ್ತಿ ಕೇಳಿದರೆ ಬೇರೆ ಅಂಗಡಿ ನೋಡಿ.

ಯಾರಾದರೂ 'ಅರಿವು ಸ್ಕಾಲರ್‌ಶಿಪ್ ಮಾಡಿಸಿಕೊಡುತ್ತೇನೆ' ಅಂದರೆ ಹುಷಾರು. ಅರಿವು ಅನ್ನೋದು ನಿಗಮಗಳು ಕೊಡುವ ಶಿಕ್ಷಣ ಸಾಲ. ಬಡ್ಡಿ ಕಡಿಮೆ, ಆದರೆ ತೀರಿಸಲೇಬೇಕು.

ಈ ವರ್ಷದ ಕೊನೆಯ ದಿನಾಂಕ ದಾಟಿಹೋಗಿದ್ದರೂ ಕಾಲೇಜಿನಲ್ಲಿ ಒಮ್ಮೆ ವಿಚಾರಿಸಿ, ದಿನಾಂಕ ಮುಂದೂಡುವುದು ಇದ್ದದ್ದೇ. ಅದೂ ಆಗದಿದ್ದರೆ ಎರಡನೇ ವರ್ಷಕ್ಕೆ ಹೊಸ ಅರ್ಜಿ ಹಾಕಬಹುದು. ಅಷ್ಟರೊಳಗೆ ನಾಡಕಚೇರಿಯಲ್ಲಿ ಹೊಸ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿಡಿ.