ಬಣ್ಣದ ಬಾವಲಿ: ವರ್ಗೀಕರಣ ಮತ್ತು ಗುರುತು

ಕಿತ್ತಳೆ ಮೈ, ಕಪ್ಪು-ಕಿತ್ತಳೆ ರೆಕ್ಕೆ. ಕೆರಿವೋಲಾ ಪಿಕ್ಟಾ ಎಂಬ ಈ ಪುಟಾಣಿ ಬಾವಲಿಯನ್ನು ಒಮ್ಮೆ ಚಿತ್ರದಲ್ಲಿ ನೋಡಿದರೆ ಸಾಕು, ಮರೆಯುವುದಿಲ್ಲ. ತೊಡಕು ಇರುವುದೇ ಅಲ್ಲಿ. ಬಣ್ಣ ತಲೆಯಲ್ಲಿ ಕೂತು ಹಲ್ಲು, ಕಿವಿಗಳ ವಿಚಾರ ಜಾರಿಹೋಗುತ್ತದೆ. ವರ್ಗೀಕರಣ ನಿಂತಿರುವುದು ಮಾತ್ರ ಹಲ್ಲು, ಕಿವಿಗಳ ಮೇಲೆಯೇ.

ಮೊದಲು ವಂಶಾವಳಿ. 1767ರಲ್ಲಿ ಇದನ್ನು ವಿವರಿಸಿದವರು ಪೀಟರ್ ಸೈಮನ್ ಪಲ್ಲಾಸ್. ಮೂಲ ಮಾದರಿಯ ನೆಲೆ ಇಂಡೋನೇಷ್ಯಾದ ಟೆರ್ನಾಟೆ ದ್ವೀಪ. ಅವರು ಕೊಟ್ಟ ಹೆಸರು ವೆಸ್ಪರ್ಟಿಲಿಯೋ ಪಿಕ್ಟಸ್. ಆಗ ಯಾವ ಬಾವಲಿ ಸಿಕ್ಕರೂ ಹೆಚ್ಚುಕಡಿಮೆ ವೆಸ್ಪರ್ಟಿಲಿಯೋ ಕುಲಕ್ಕೇ ಸೇರಿಸುತ್ತಿದ್ದರು. ಆ ಕುಲವನ್ನು ಲಿನ್ನೇಯಸ್ 1758ರಲ್ಲಿ ಮನುಷ್ಯ, ಕೋತಿಗಳ ಜೊತೆ ಪ್ರೈಮೇಟ್ ಗಣದಲ್ಲಿ ಕೂರಿಸಿದ್ದರು ಎಂಬುದು ಈಗ ಓದಿದರೆ ನಗು ಬರಿಸುತ್ತದೆ. ಬಾವಲಿಗಳಿಗೆ ಕೈರಾಪ್ಟೆರಾ ಎಂಬ ಸ್ವಂತ ಗಣ ಸಿಕ್ಕಿದ್ದು 1779ರಲ್ಲಿ, ಬ್ಲೂಮೆನ್‌ಬಾಖ್ ಕೈಯಿಂದ. ಕೆರಿವೋಲಾ ಕುಲವನ್ನು ಗ್ರೇ ಸ್ಥಾಪಿಸಿದ್ದು 1842ರಲ್ಲಿ.

ಉಪಗಣದ ವಿಷಯದಲ್ಲಿ ಎಚ್ಚರ. ಹಳೆಯ ಪುಸ್ತಕಗಳಲ್ಲಿ ಹಣ್ಣು ತಿನ್ನುವ ಬಾವಲಿಗಳಿಗೆ ಮೆಗಾಕೈರಾಪ್ಟೆರಾ, ಉಳಿದ ಬಾವಲಿಗಳಿಗೆ ಮೈಕ್ರೋಕೈರಾಪ್ಟೆರಾ ಎಂದಿರುತ್ತದೆ. ಡಿಎನ್‌ಎ ಅಧ್ಯಯನಗಳು ಈ ವಿಭಜನೆಯನ್ನು ಒಡೆದು ಯಿನ್‌ಪ್ಟೆರೋಕೈರಾಪ್ಟೆರಾ, ಯಾಂಗೋಕೈರಾಪ್ಟೆರಾ ಎಂದು ಹೊಸದಾಗಿ ಜೋಡಿಸಿವೆ. ಬಣ್ಣದ ಬಾವಲಿ ಎರಡನೆಯದರಲ್ಲಿ ಬರುತ್ತದೆ. ಕುಟುಂಬ ವೆಸ್ಪರ್ಟಿಲಿಯೋನಿಡೇ, ಉಪಕುಟುಂಬ ಕೆರಿವೋಲಿನೇ.

ಇನ್ನು ರೂಪ. ತೂಕ ಸುಮಾರು 5 ಗ್ರಾಂ. ಮುಂಗೈ 4 ಸೆಂ.ಮೀ.ಗಿಂತ ಕಡಿಮೆ. ಬಾಲ ಹೆಚ್ಚುಕಡಿಮೆ ತಲೆ-ಮೈ ಸೇರಿದಷ್ಟೇ ಉದ್ದ, ಪೂರ್ತಿ ಪೊರೆಯೊಳಗೆ ಸೇರಿಕೊಂಡಿರುತ್ತದೆ. ಕೂದಲು ಉದ್ದ, ದಟ್ಟ, ಉಣ್ಣೆಯಂತೆ ಮೃದು. ಬೆನ್ನು ಗಾಢ ಕಿತ್ತಳೆ, ಹೊಟ್ಟೆ ಮಾಸಲು. ರೆಕ್ಕೆಯಲ್ಲಿ ಬೆರಳಿನ ಮೂಳೆಗಳ ಗುಂಟ ಕಿತ್ತಳೆ, ನಡುವಿನ ಪೊರೆ ಕಪ್ಪು. ಮೂಗಿನ ಮೇಲೆ ಎಲೆಯಂಥ ಮಡಿಕೆ ಇಲ್ಲ. ಕಿವಿ ಆಲಿಕೆಯಾಕಾರ, ಅದರೊಳಗೆ ಉದ್ದನೆಯ ಚೂಪು ಟ್ರೇಗಸ್, ಅಂದರೆ ಕಿವಿರಂಧ್ರದ ಮುಂದೆ ನಿಲ್ಲುವ ಕುಡಿ.

ಇಷ್ಟು ಕಣ್ಣಿಗೆ ಹೊಡೆಯುವ ಬಣ್ಣ ಅಡಗಿಕೊಳ್ಳುವ ಪ್ರಾಣಿಗೆ ಯಾಕೆ? ಹಗಲು ಇದು ಮಲಗುವ ಜಾಗ ನೋಡಿದರೆ ಉತ್ತರ ಹೊಳೆಯುತ್ತದೆ: ಗಿಡದಲ್ಲೇ ಒಣಗಿ ಜೋತುಬಿದ್ದ ಬಾಳೆ ಎಲೆ, ಕೆಲವೊಮ್ಮೆ ಗೀಜಗ ಬಿಟ್ಟುಹೋದ ಗೂಡು. ಕಂದು-ಕೇಸರಿ ತರಗಿನ ಮಡಿಕೆಯಲ್ಲಿ, ನೆರಳಿನ ಗೆರೆಗಳ ನಡುವೆ, ಈ ಕಿತ್ತಳೆ-ಕಪ್ಪು ಕಾಣುವುದೇ ಇಲ್ಲ. ಭಾರತ, ಶ್ರೀಲಂಕಾದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ ಪ್ರಭೇದ ಇದು, ಕರ್ನಾಟಕದಲ್ಲೂ ದಾಖಲಾಗಿದೆ. ನಮ್ಮ ಬಾಳೆ ತೋಟಗಳಲ್ಲಿ ಸಿಗುವುದು ಅಪರೂಪ ಎನ್ನಿಸುವುದಕ್ಕೆ ಈ ಮರೆಯೂ ಒಂದು ಕಾರಣವಿರಬಹುದು ಎಂದು ನನ್ನ ಊಹೆ.

ಈಗ ಪರೀಕ್ಷೆಯಲ್ಲಿ ಎಡವಿಸುವ ಜಾಗ. ಮಯೋಟಿಸ್ ಫಾರ್ಮೋಸಸ್ ಎಂಬ ಇನ್ನೊಂದು ಬಾವಲಿಗೂ ಇದೇ ಕಿತ್ತಳೆ-ಕಪ್ಪು ರೆಕ್ಕೆ. ನೇಪಾಳದ ಮಾದರಿಯಿಂದ 1835ರಲ್ಲಿ ಹಾಡ್ಜ್‌ಸನ್ ಅದನ್ನು ವಿವರಿಸಿದರು. ಕುಟುಂಬ ಒಂದೇ, ಉಪಕುಟುಂಬ ಬೇರೆ. ಹಲ್ಲು ಎಣಿಸಿದರೂ ಬಿಡುಗಡೆಯಿಲ್ಲ, ಎರಡಕ್ಕೂ 38. ಅರ್ಧ ಮೇಲ್ದವಡೆಯಲ್ಲಿ ಬಾಚಿಹಲ್ಲು 2, ಕೋರೆ 1, ಮುಂದವಡೆ ಹಲ್ಲು 3, ಹಿಂದವಡೆ ಹಲ್ಲು 3. ಕೆಳಗೆ ಬಾಚಿಹಲ್ಲು ಮಾತ್ರ 3, ಉಳಿದದ್ದು ಹಾಗೆಯೇ. ಸಂಖ್ಯೆ ಬಿಟ್ಟು ಗಾತ್ರ ನೋಡಬೇಕು. ಮಯೋಟಿಸ್‌ನಲ್ಲಿ ನಡುವಿನ ಮುಂದವಡೆ ಹಲ್ಲು ಸಾಮಾನ್ಯವಾಗಿ ಕುಗ್ಗಿರುತ್ತದೆ, ಕೆರಿವೋಲಾದಲ್ಲಿ ಹಾಗೆ ಕುಗ್ಗಿರುವುದಿಲ್ಲ. ತಲೆಬುರುಡೆಯ ಹಿಂಭಾಗ ಉಬ್ಬಿರುವುದೂ ಕೆರಿವೋಲಾದ ಲಕ್ಷಣ. ಜೀವಂತ ಬಾವಲಿಯ ಬಾಯಿ ಬಿಡಿಸುವ ಅಗತ್ಯವಿಲ್ಲ: ಮುಂಗೈ 4.5 ಸೆಂ.ಮೀ. ದಾಟಿದ್ದರೆ ಅದು ಬಣ್ಣದ ಬಾವಲಿ ಅಲ್ಲ.

ಅಂತರ್ಜಾಲದ ಚಿತ್ರಗಳಿಂದ ಕಲಿಯುವವರಿಗೆ ಒಂದು ಮಾತು. ಈ ಬಾವಲಿಯನ್ನು ಕೊಂದು, ರೆಕ್ಕೆ ಬಿಡಿಸಿ, ಚೌಕಟ್ಟು ಹಾಕಿ ಅಲಂಕಾರಕ್ಕೆ ಮಾರುವ ದಂಧೆಯಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು 'ಅಪಾಯದ ಸಮೀಪ' ಎಂಬ ಹಂತದಲ್ಲಿದೆ. ಅಂಥ ಮಾರಾಟದ ಫೋಟೋಗಳಲ್ಲಿ ರೆಕ್ಕೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಒಣಗಿದ ಕಿವಿ ಸುರುಟಿ ಆಲಿಕೆಯ ಆಕಾರವೇ ಉಳಿದಿರುವುದಿಲ್ಲ. ಕಿವಿಯ ಚಿತ್ರ ಬರೆದುಕೊಳ್ಳಲು ಜೀವಂತ ಬಾವಲಿಯ ಫೋಟೋ ಹುಡುಕಿ.