ಕಿವಿ ಮೆಷಿನ್‌ಗೆ ಯಾಕಿಷ್ಟು ಬೆಲೆ?

ಪ್ರಶ್ನೆ: ಅಪ್ಪನಿಗೆ ವಯಸ್ಸಾಗಿ ಕಿವಿ ಮಂದವಾಗಿದೆ. ಅಂಗಡಿಯಲ್ಲಿ ಒಂದು ಕಿವಿಗೆ 40 ಸಾವಿರ ಹೇಳಿದರು. ಆನ್‌ಲೈನ್‌ನಲ್ಲಿ 900 ರೂಪಾಯಿಗೂ ಸಿಗುತ್ತದೆ. ಅಗ್ಗದ್ದೇ ತಗೊಂಡರೆ ಆಗಲ್ವಾ?

ಉತ್ತರ: ಮೊದಲು ಆ 900 ರೂಪಾಯಿಯದ್ದರ ವಿಷಯ. ಅಂಥವುಗಳಲ್ಲಿ ಹೆಚ್ಚಿನವು ಸುಮ್ನೆ ಸದ್ದು ಜೋರು ಮಾಡುವಂಥವು. ವಯಸ್ಸಾದವರಿಗೆ ಎಲ್ಲ ಸದ್ದೂ ಒಂದೇ ಸಮ ಕಮ್ಮಿಯಾಗುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು ಕೀರಲು ಸದ್ದುಗಳು. ‘ಸ’, ‘ಶ’ ಇರುವುದು ಅಲ್ಲೇ. ಹಾಗಾಗಿ ‘ಸಾಲ’ ಅಂದರೆ ‘ಕಾಲ’ ಅಂತ ಕೇಳಬಹುದು. "ಮಾತಾಡೋದು ಕೇಳುತ್ತೆ, ಏನಂದ್ರಿ ಅಂತ ಗೊತ್ತಾಗಲ್ಲ" ಎಂದು ಹಿರಿಯರು ಗೊಣಗುವುದು ಇದಕ್ಕೇ. ಎಲ್ಲವನ್ನೂ ಜೋರು ಮಾಡಿದರೆ ಕುಕ್ಕರ್ ಸೀಟಿ ಕಿವಿಗೆ ಬಡಿಯುತ್ತದೆ, ಮಾತು ಮಾತ್ರ ಅಸ್ಪಷ್ಟವಾಗಿಯೇ ಉಳಿಯುತ್ತದೆ. ನಾಲ್ಕು ದಿನ ಹಾಕಿ ಬೀರುವಿಗೆ ಸೇರಿಸುತ್ತಾರೆ.

ಹಾಗಂತ 40 ಸಾವಿರವೂ ಮೆಷಿನ್ನಿನ ಒಳಗಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ‘ಲೋಕೇಡ್’ ಎಂಬ ಸಾಧನ ತೋರಿಸಿದರು. ಕೊರಳಿಗೆ ಹಾಕಿಕೊಳ್ಳುವಂಥದ್ದು, ವಯಸ್ಸಿನ ಕಿವುಡಿಗೆಂದೇ ಮಾಡಿದ್ದು. ಸಗಟಾಗಿ ಕೊಂಡರೆ ಅದರ ಬಿಡಿಭಾಗಗಳಿಗೆ ತಗಲುವುದು ಸುಮಾರು ಒಂದು ಡಾಲರ್! ನೋಡಲು ಚೆಂದವಿಲ್ಲ, ನಿಜ. ಆದರೆ ಬಿಡಿಭಾಗಗಳ ಬೆಲೆಯೇ ದೊಡ್ಡ ಅಡ್ಡಿಯಲ್ಲ ಎಂಬುದಕ್ಕೆ ಅದು ಸಾಕ್ಷಿ. ನಮ್ಮಲ್ಲಿ ಕಿವಿ ಮೆಷಿನ್‌ಗೆ ಜಿಎಸ್‌ಟಿಯೂ ಇಲ್ಲ.

ಹಾಗಾದರೆ ದುಡ್ಡು ಹೋಗುವುದು ಎಲ್ಲಿಗೆ? ಪರೀಕ್ಷೆ, ಕಿವಿಗೆ ತಕ್ಕಂತೆ ಹೊಂದಿಸುವುದು, ಮುಂದಿನ ಸರ್ವಿಸ್, ಅಂಗಡಿ ಬಾಡಿಗೆ, ಮಧ್ಯವರ್ತಿಗಳ ಪಾಲು. ಜೊತೆಗೆ ಜಗತ್ತಿನ ಹೆಚ್ಚಿನ ಮಾರುಕಟ್ಟೆ ಇರುವುದು ಸೊನೋವಾ, ಡೆಮಂಟ್, ಡಬ್ಲ್ಯೂಎಸ್ ಆಡಿಯಾಲಜಿ, ಜಿಎನ್, ಸ್ಟಾರ್ಕಿ ಎಂಬ ಐದು ಕಂಪನಿಗಳ ಕೈಯಲ್ಲಿ. ಒಬ್ಬೊಬ್ಬರೇ ಹೋಗಿ ಕೊಂಡರೆ ಚೌಕಾಸಿಗೆ ಬಲವೆಲ್ಲಿ? ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಇಡೀ ದೇಶಕ್ಕೆ ಬೇಕಾದಷ್ಟನ್ನು ಸಗಟಾಗಿ ಕೊಳ್ಳುತ್ತದೆ. ಇದೇ ಕಂಪನಿಗಳ ಡಿಜಿಟಲ್ ಮೆಷಿನ್ ಅದಕ್ಕೆ 100 ಪೌಂಡಿಗೂ ಕಮ್ಮಿಗೆ ಸಿಕ್ಕಿದೆ. ರೋಗಿಗೆ ಮೆಷಿನ್ನೂ ಪುಕ್ಕಟೆ, ಸೆಲ್ಲೂ ಪುಕ್ಕಟೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ 2022ರ ವರದಿಯ ಪ್ರಕಾರ, ಕನ್ನಡಕ, ಗಾಲಿಕುರ್ಚಿ, ಕಿವಿ ಮೆಷಿನ್‌ನಂಥ ಸಾಧನಗಳಲ್ಲಿ ಒಂದಾದರೂ 250 ಕೋಟಿ ಜನರಿಗೆ ಬೇಕು. ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಕೆಲವು ಬಡ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ ಮೂವರಿಗಷ್ಟೇ ಸಿಗುತ್ತದೆ. ಹಲವು ದೇಶಗಳ ಬೇಡಿಕೆ ಒಟ್ಟುಗೂಡಿಸಿ ಬೆಲೆ ಇಳಿಸಬೇಕೆಂದು 2018ರಲ್ಲಿ ‘ಎಟಿಸ್ಕೇಲ್’ ಎಂಬ ಕೂಟ ಶುರುವಾಯಿತು. ಅಮೆರಿಕ ಬೇರೆ ದಾರಿ ಹಿಡಿಯಿತು: 2022ರ ಅಕ್ಟೋಬರ್‌ನಿಂದ ಅಲ್ಲಿ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲೇ ಮೆಷಿನ್ ಕೊಳ್ಳಬಹುದು. ಆದರೆ ಅದು ಅಲ್ಪ, ಮಧ್ಯಮ ಕಿವುಡಿಗೆ ಮಾತ್ರ. ನನಗೆ ಬ್ರಿಟನ್ನಿನ ದಾರಿಯೇ ಸರಿ ಅನಿಸುತ್ತದೆ. ಯಾಕೆಂದರೆ ಮೆಷಿನ್ ಕೈಗೆ ಬಂದಮೇಲೂ ಕೆಲಸ ಇದೆ.

ಸೆಲ್ಲನ್ನೇ ನೋಡಿ. ಬಟನ್ನಿನಷ್ಟು ಪುಟ್ಟದು, ಮೇಲೊಂದು ಬಣ್ಣದ ಸ್ಟಿಕ್ಕರ್. ಅದನ್ನು ಕಿತ್ತರೆ ಗಾಳಿ ಒಳಹೋಗಿ ಸೆಲ್ ಎಚ್ಚರಗೊಳ್ಳುತ್ತದೆ. ಒಂದು ನಿಮಿಷ ಬಿಟ್ಟು ಹಾಕಬೇಕು. ಒಂದೆರಡು ವಾರಕ್ಕೆ ಮುಗಿಯುತ್ತದೆ. ಹಳ್ಳಿಯಲ್ಲಿ ಇದನ್ನು ಎಲ್ಲಿಂದ ತರುವುದು? ಬೋಟ್ಸ್ವಾನಾದಲ್ಲಿ ಇದಕ್ಕೆಂದೇ ಬಿಸಿಲಿನಿಂದ ಚಾರ್ಜ್ ಆಗುವ ಸೆಲ್ ವ್ಯವಸ್ಥೆ ಮಾಡಿದರು, ಅದನ್ನು ತಯಾರಿಸಿದವರಲ್ಲಿ ಕಿವುಡರೂ ಇದ್ದರು. ಇನ್ನು ಮೋಲ್ಡ್, ಅಂದರೆ ಕಿವಿಯ ಅಚ್ಚು ತೆಗೆದು ಮಾಡುವ ತುಂಡು. ಅದು ಸಡಿಲವಾದರೆ ಮೆಷಿನ್ ಕುಂಯ್ ಅಂತ ಶಿಳ್ಳೆ ಹೊಡೆಯುತ್ತದೆ.

ನಿಮ್ಮ ತಂದೆಯ ವಿಷಯಕ್ಕೆ ಬಂದರೆ, ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಬರೀ ಗುಗ್ಗೆ ಕಟ್ಟಿರಲೂಬಹುದು. ಒಂದೆರಡು ದಿನದಲ್ಲಿ ದಿಢೀರ್ ಅಂತ ಕೇಳಿಸದಂತಾಗಿದ್ದರೆ ತಡ ಮಾಡಲೇಬೇಡಿ. ಮೆಷಿನ್ ಬೇಕೆಂದಾದರೆ ಅಂಗಡಿಗಿಂತ ಮುಂಚೆ ಜಿಲ್ಲಾಸ್ಪತ್ರೆಯಲ್ಲೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ (ಆಯಿಷ್) ವಿಚಾರಿಸಿ. ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಅಂಗವೈಕಲ್ಯ ಪ್ರಮಾಣಪತ್ರ ಇರುವ ಕಡಿಮೆ ಆದಾಯದವರಿಗೆ, ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಉಚಿತವಾಗಿ ಕೊಡುತ್ತಾರೆ. ದುಡ್ಡು ಕೊಟ್ಟೇ ಕೊಳ್ಳುವುದಾದರೆ ಬೆಲೆಗಿಂತ ಮೊದಲು ಮೂರು ಮಾತು ಕೇಳಿ: ಹಾಕಿ ನೋಡಲು ಎಷ್ಟು ದಿನ ಕೊಡುತ್ತೀರಿ? ಮತ್ತೆ ಸರಿಹೊಂದಿಸಲು ಬಂದರೆ ದುಡ್ಡು ಕೊಡಬೇಕಾ? ಈ ಸೆಲ್ ನಮ್ಮೂರಲ್ಲಿ ಸಿಗುತ್ತಾ? ಮನೆಯಲ್ಲಿ ಹಳೇ ಮೆಷಿನ್ ಬಿದ್ದಿದ್ದರೆ ಅದನ್ನೂ ಒಯ್ಯಿರಿ. ಕೆಲವು ಸಲ ಹೊಸ ಮೋಲ್ಡ್ ಹಾಕಿಸಿದರೇ ಸಾಕಾಗುತ್ತದೆ.