ಸೀಟ್ ಅಂದ್ರೆ ಕೂರೋ ಜಾಗ ಅಲ್ಲ ಸ್ವಾಮಿ

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಒಂದು ಫೋನು. ಕ್ಲೈಂಟ್ ಕಂಪನಿಯಲ್ಲಿ ಹಣಕಾಸು ನೋಡ್ಕೊಳ್ಳೋರು, ಬಹಳ ಒಳ್ಳೇ ಮನುಷ್ಯ, ಎಂಟು ತಿಂಗಳಿಂದ ಒಂದೇ ಡೀಲ್ ಹಿಂದೆ ಬಿದ್ದು ನಿದ್ದೆಗೆಟ್ಟಿದಾರೆ. "ಮೇಡಂ, ಎಲ್ಲಾ ಮುಗೀತು, ಬೆಳಗ್ಗೆ ಸೈನ್. ಆರ್ಬಿಟ್ರೇಶನ್ ಕ್ಲಾಝಲ್ಲಿ ಒಂದು ಖಾಲಿ ಜಾಗ ಉಳ್ಕೊಂಡಿದೆ, ಸೀಟ್ ಅಂತ. ಎರಡೂ ಕಡೆಯವ್ರಿಗೆ ನೇರ ವಿಮಾನ ಇರೋ ಊರು ಯಾವ್ದಾದ್ರೂ ಹೇಳ್ಬಿಡಿ, ತುಂಬಿಸ್ತೀನಿ."

ನೇರ ವಿಮಾನವಂತೆ!

ಬೆಲೆ ಮೇಲೆ ಮೂರು ತಿಂಗಳು ಜಗಳ ಆಡಿರ್ತಾರೆ, ಡೆಲಿವರಿ ತಡ ಆದ್ರೆ ದಿನಕ್ಕೆಷ್ಟು ದಂಡ ಅಂತ ದಶಮಾಂಶದವರೆಗೂ ಲೆಕ್ಕ ಹಾಕಿರ್ತಾರೆ, ಆದ್ರೆ ನಾಳೆ ಜಗಳ ಆದ್ರೆ ಯಾವ ದೇಶದ ಕೋರ್ಟ್ ಕೈಲಿ ನಮ್ಮ ಜುಟ್ಟು ಅನ್ನೋದನ್ನ ಮಾತ್ರ ಕೊನೇ ರಾತ್ರಿ ಆಕಳಿಸ್ತಾ ಬರೀತಾರೆ. ನಮ್ಮ ಕಸುಬಲ್ಲಿ ಇದಕ್ಕೆ ಮಧ್ಯರಾತ್ರಿ ಕ್ಲಾಝ್ ಅಂತಾನೇ ಹೆಸರಿದೆ. ಆರ್ಬಿಟ್ರೇಶನ್ ಅಂದ್ರೆ ಕೋರ್ಟಿನ ಬದಲು ಆರ್ಬಿಟ್ರೇಟರ್ ಅನ್ನೋ ಮಧ್ಯಸ್ಥರ ಮುಂದೆ ಜಗಳ ಬಗೆಹರಿಸ್ಕೊಳ್ಳೋದು, ಅದರ ಪಾಠ ನಾನಿಲ್ಲಿ ಶುರು ಮಾಡಲ್ಲ. ಸೀಟ್ ಒಂದನ್ನ ಹೇಳ್ತೀನಿ, ಯಾಕಂದ್ರೆ ಇಷ್ಟು ವರ್ಷದಲ್ಲಿ ಇದೊಂದನ್ನ ಮೊದಲ ಸಲಕ್ಕೇ ಸರಿಯಾಗಿ ಅರ್ಥ ಮಾಡ್ಕೊಂಡ ಕ್ಲೈಂಟ್‌ಗಳನ್ನ ಒಂದು ಕೈ ಬೆರಳಲ್ಲಿ ಎಣಿಸ್ಬಹುದು.

ಸೀಟ್ ಅಂದ್ರೆ ನೀವು ಕೂತ್ಕೊಳ್ಳೋ ಊರಲ್ಲ. ಸೀಟ್ ಪ್ಯಾರಿಸ್ ಅಂತ ಬರೆದು ವಿಚಾರಣೆ ಪೂರ್ತಿ ಸಿಂಗಾಪುರದಲ್ಲಿ ಮಾಡ್ಬಹುದು, ಮೂರು ಜನ ಆರ್ಬಿಟ್ರೇಟರ್‌ಗಳು ಮೂರು ಖಂಡದಲ್ಲಿ ತಮ್ತಮ್ಮ ಮನೇಲಿ ಕೂತು ವಿಡಿಯೋದಲ್ಲೇ ಮುಗಿಸ್ಬಹುದು, ಯಾರೊಬ್ರೂ ಪ್ಯಾರಿಸ್ಸಿಗೆ ಕಾಲಿಡದೇ ಇರ್ಬಹುದು. ಆದ್ರೂ ಆ ಅವಾರ್ಡ್, ಅಂದ್ರೆ ಆರ್ಬಿಟ್ರೇಟರ್‌ಗಳು ಕೊಡೋ ತೀರ್ಪು, ಕಾನೂನಿನ ಕಣ್ಣಲ್ಲಿ ಹುಟ್ಟಿದ್ದು ಪ್ಯಾರಿಸ್ಸಲ್ಲೇ. ಸೀಟ್ ಅಂದ್ರೆ ಅವಾರ್ಡಿನ ಹುಟ್ಟೂರು, ಅದರ ಪೌರತ್ವ. ಆರ್ಬಿಟ್ರೇಟರ್ ನೇಮಕ ಸಿಕ್ಕಾಕ್ಕೊಂಡ್ರೆ ಸಾಮಾನ್ಯವಾಗಿ ಬಿಡಿಸೋದು ಹುಟ್ಟೂರಿನ ಕೋರ್ಟು, ಪಕ್ಷಪಾತ ಮಾಡಿದ ಅಂತ ಅವನನ್ನ ತೆಗೆಸ್ಬೇಕಾದ್ರೂ ಅದೇ, ಅವಾರ್ಡನ್ನೇ ರದ್ದು ಮಾಡೋ ಅಧಿಕಾರ ಇರೋದೂ ಅದಕ್ಕೇ. ಬೇರೆ ದೇಶದ ಕೋರ್ಟುಗಳು 1958ರ ನ್ಯೂಯಾರ್ಕ್ ಕನ್ವೆನ್ಷನ್ (ಒಂದು ದೇಶದ ಅವಾರ್ಡನ್ನ ಇನ್ನೊಂದು ದೇಶದಲ್ಲಿ ಜಾರಿ ಮಾಡೋಕಿರೋ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರ "ನಮ್ಮಲ್ಲಿ ಇದನ್ನ ಜಾರಿ ಮಾಡಲ್ಲ" ಅಂತ ಹೇಳ್ಬಹುದು, ಅಷ್ಟೇ. ಅವಾರ್ಡ್ ಸಾಯಲ್ಲ, ಇನ್ನೊಂದು ದೇಶದ ಬಾಗಿಲು ತಟ್ಟುತ್ತೆ. ಹುಟ್ಟೂರಲ್ಲಿ ರದ್ದಾದ್ರೆ ಮಾತ್ರ ಬಹುಪಾಲು ಕಡೆ ಕಥೆ ಮುಗೀತು.

ಬಹುಪಾಲು ಅಂದೆ. ಯಾಕಂದ್ರೆ ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅನ್ನೋ ಹಾಗೆ ಫ್ರಾನ್ಸ್ ಇದೆ. ಇಂಡೋನೇಷ್ಯಾದಿಂದ ಹೊರಟ ಮೆಣಸಿನ ಸರಕಿನ ಜಗಳವೊಂದ್ರಲ್ಲಿ ಲಂಡನ್ ಕೋರ್ಟ್ ಕೈಯಾಡಿಸಿದ್ದ ಅವಾರ್ಡನ್ನೇ 2007ರಲ್ಲಿ ಫ್ರೆಂಚ್ ಸುಪ್ರೀಂ ಕೋರ್ಟು "ಅಂತರರಾಷ್ಟ್ರೀಯ ಅವಾರ್ಡ್ ಯಾವ ದೇಶದ ಸೊತ್ತೂ ಅಲ್ಲ" ಅನ್ನೋ ಧಾಟೀಲಿ ಜಾರಿ ಮಾಡೋಕೆ ಒಪ್ಪಿತು. ಓದೋಕೆ ಚೆಂದ, ಕ್ಲೈಂಟಿಗೆ ಇದನ್ನ ನೆಚ್ಕೊಳ್ಳಿ ಅಂತ ಮಾತ್ರ ನಾನು ಯಾವತ್ತೂ ಹೇಳಲ್ಲ.

ಈ ಸೀಟ್ ಅನ್ನೋ ಪದದ ಮೇಲೆ ಎಷ್ಟು ದುಡ್ಡು ನಿಂತಿರುತ್ತೆ ಅಂತ ಕೇಳೋರಿಗೆ ನಾನು ಹೇಳೋದು ನೈಜೀರಿಯಾ ಕಥೆ. 2010ರಲ್ಲಿ ಪಿ ಅಂಡ್ ಐಡಿ ಅನ್ನೋ ಕಂಪನಿ ಗ್ಯಾಸ್ ಶುದ್ಧೀಕರಣ ಘಟಕ ಕಟ್ತೀವಿ ಅಂತ ಸರ್ಕಾರದ ಜೊತೆ ಕಾಂಟ್ರಾಕ್ಟ್ ಮಾಡ್ಕೊಳ್ತು. ಕಾಂಟ್ರಾಕ್ಟಿಗೆ ನೈಜೀರಿಯಾ ಕಾನೂನು, ಆರ್ಬಿಟ್ರೇಶನ್ನಿಗೂ ನೈಜೀರಿಯಾದ ಕಾಯ್ದೆಯ ನಿಯಮ, ಮತ್ತೆ ಒಂದು ಸಾಲು: ವೆನ್ಯೂ ಲಂಡನ್. ಸೀಟ್ ಅನ್ನೋ ಪದವೇ ಇಲ್ಲ! ಘಟಕ ಕಟ್ಟಲೇ ಇಲ್ಲ, ಜಗಳ ಆಯ್ತು, ನೈಜೀರಿಯಾ ಹೇಳ್ತು ವೆನ್ಯೂ ಅಂದ್ರೆ ಬರೀ ಕೂರೋ ಜಾಗ, ಸೀಟ್ ನಮ್ಮ ದೇಶ ಅಂತ, ತನ್ನದೇ ಕೋರ್ಟಿಂದ ಟ್ರಿಬ್ಯೂನಲ್ (ಆರ್ಬಿಟ್ರೇಟರ್‌ಗಳ ಮಂಡಳಿ) ವಿರುದ್ಧ ಆದೇಶಾನೂ ತಂತು. ಟ್ರಿಬ್ಯೂನಲ್ ಒಪ್ಪಲಿಲ್ಲ, ಇಲ್ಲಿ ವೆನ್ಯೂ ಅಂದ್ರೆ ಸೀಟೇ, ಅದು ಲಂಡನ್ ಅಂತು, 2017ರ ಜನವರೀಲಿ 660 ಕೋಟಿ ಡಾಲರ್ ಅವಾರ್ಡ್ ಕೊಡ್ತು. 2019ರಲ್ಲಿ ಇಂಗ್ಲಿಷ್ ಕೋರ್ಟೂ ಸೀಟ್ ಲಂಡನ್ ಅನ್ನೋದನ್ನ ಎತ್ತಿಹಿಡೀತು. ಬಡ್ಡಿ ಸೇರಿ ಮೊತ್ತ 1,100 ಕೋಟಿ ಡಾಲರ್ ಮುಟ್ತು.

ಆಮೇಲೆ ನೋಡಿ ಮಜಾ. ಲಂಡನ್ ಸೀಟ್ ಬೇಡವೇ ಬೇಡ ಅಂತ ವರ್ಷಗಟ್ಟಲೆ ಬಡಿದಾಡಿದ ನೈಜೀರಿಯಾನ ಕೊನೆಗೆ ಉಳಿಸಿದ್ದು ಅದೇ ಲಂಡನ್ ಕೋರ್ಟು. ಲಂಚ ಕೊಟ್ಟಿದ್ದು, ಸರ್ಕಾರದ ಒಳಗಿನ ಕಾನೂನು ಕಾಗದಗಳು ಎದುರು ಪಾರ್ಟಿ ಕೈಗೆ ಸೇರಿದ್ದು, ಎಲ್ಲಾ ಹೊರಬಂದು 2023ರ ಅಕ್ಟೋಬರಲ್ಲಿ ಅವಾರ್ಡ್ ಮೋಸದಿಂದ ಪಡೆದದ್ದು ಅಂತ ಕೋರ್ಟ್ ತೀರ್ಪು ಕೊಡ್ತು. ಇದೇ ತೀರ್ಪು ನೈಜೀರಿಯಾದ ಕೋರ್ಟಿಂದ ಬಂದಿದ್ರೆ ಹೊರಗಿನವರು ಎಷ್ಟು ಜನ ನಂಬ್ತಿದ್ರು? ತನ್ನ ಸರ್ಕಾರನ ತಾನೇ ಕಾಪಾಡ್ತು ಅಂತ ಗೊಣಗ್ತಿದ್ರು. ಅದಕ್ಕೇ ಹೇಳೋದು, ಸ್ವಂತ ಊರನ್ನೇ ಸೀಟ್ ಮಾಡ್ಕೊಂಡ್ರೆ ಲಾಭ ಅನ್ನೋ ಲೆಕ್ಕಾಚಾರಾನೂ ಯಾವಾಗ್ಲೂ ಸರಿ ಬರಲ್ಲ.

ದೇವಾಸ್ ಪ್ರಕರಣ ಇನ್ನೊಂದು ಥರ. 2005ರಲ್ಲಿ ಇಸ್ರೋದ ವ್ಯಾಪಾರಿ ಅಂಗವಾದ ಆಂಟ್ರಿಕ್ಸ್ ಜೊತೆ ದೇವಾಸ್ ಕಂಪನಿಗೆ ಆದ ಒಂದೇ ಉಪಗ್ರಹ ಒಪ್ಪಂದ, 2011ರಲ್ಲಿ ರದ್ದಾಯ್ತು, ಅದರಿಂದ ಮೂರು ಆರ್ಬಿಟ್ರೇಶನ್ ಹುಟ್ಟಿದ್ವು. ಕಾಂಟ್ರಾಕ್ಟಿನ ಆರ್ಬಿಟ್ರೇಶನ್ನಿನ ಸೀಟ್ ದೆಹಲಿ, ಅಲ್ಲಿ 2015ರಲ್ಲಿ ಬಂದ 56.25 ಕೋಟಿ ಡಾಲರಿನ ಅವಾರ್ಡನ್ನ 2022ರಲ್ಲಿ ದೆಹಲಿ ಹೈಕೋರ್ಟ್ ರದ್ದು ಮಾಡ್ತು. ಹೂಡಿಕೆದಾರರು ಹೂಡಿಕೆ ಒಪ್ಪಂದಗಳಡಿ (ಹೊರಗಿನ ಹೂಡಿಕೆದಾರರನ್ನ ಕಾಪಾಡೋಕೆ ದೇಶ ದೇಶಗಳು ಮಾಡ್ಕೊಳ್ಳೋವು) ಭಾರತ ಸರ್ಕಾರದ ಮೇಲೇ ಹೂಡಿದ ಕೇಸುಗಳ ಸೀಟ್ ಒಂದಕ್ಕೆ ಹೇಗ್, ಇನ್ನೊಂದಕ್ಕೆ ಜಿನೀವಾ. ಜಿನೀವಾದ್ದು ಜರ್ಮನಿಯ ಡಾಯ್ಚ ಟೆಲಿಕಾಂ ಕಂಪನಿ ಹೂಡಿದ್ದು. ಅದನ್ನ ಸ್ವಿಸ್ ಕೋರ್ಟ್ ರದ್ದು ಮಾಡಲಿಲ್ಲ, ಆಮೇಲೆ ಸಿಂಗಾಪುರದಲ್ಲಿ ಜಾರಿಗೆ ಬಂದಾಗ ಭಾರತ ಅದೇ ತಕರಾರುಗಳನ್ನ ಮತ್ತೆ ಎತ್ತಿತು, 2023ರ ಡಿಸೆಂಬರಲ್ಲಿ ಸಿಂಗಾಪುರದ ಮೇಲ್ಮನವಿ ನ್ಯಾಯಾಲಯ ಹೇಳ್ತು: ಹುಟ್ಟೂರಿನ ಕೋರ್ಟ್ ತೀರ್ಮಾನಿಸಿ ಆಗಿದೆ, ಅದನ್ನೇ ಮತ್ತೆ ನಮ್ಮ ಮುಂದೆ ಕೆದಕೋ ಹಾಗಿಲ್ಲ. ಜಗಳದ ಬೇರು ಒಂದೇ, ಹುಟ್ಟೂರು ಬೇರೆ, ಹಣೆಬರಹ ಬೇರೆ. (ವಾದಗಳೂ ಒಪ್ಪಂದಗಳೂ ಪೂರ್ತಿ ಒಂದೇ ಆಗಿರ್ಲಿಲ್ಲ, ಅದೂ ನಿಜ, ಎಲ್ಲಾ ಸೀಟಿನ ಮಹಿಮೆ ಅಂದ್ರೆ ನನ್ನ ಜೂನಿಯರ್‌ಗಳೇ ನಗ್ತಾರೆ.)

ಹೂಡಿಕೆ ವ್ಯಾಜ್ಯಗಳಲ್ಲಿ ಸೀಟ್ ಇನ್ನೂ ಗುಟ್ಟಾಗಿ ಕಚ್ಚುತ್ತೆ. ಎರಡು ದೇಶಗಳ ಒಪ್ಪಂದದಲ್ಲಿ ಎಷ್ಟೋ ಸಲ ಸೀಟ್ ಬರೆದೇ ಇರಲ್ಲ, ಪಾರ್ಟಿಗಳು ಒಪ್ಪದಿದ್ರೆ ಟ್ರಿಬ್ಯೂನಲ್ಲೇ ನಿಗದಿ ಮಾಡುತ್ತೆ, ಅದಾಗೋದು ಸಾಮಾನ್ಯವಾಗಿ ಮೊದಲ ಪ್ರೊಸೀಜರಲ್ ಮೀಟಿಂಗಲ್ಲಿ, ಕ್ಲೈಂಟ್‌ಗಳು ಬೋರು ಅಂತ ಬರದೇ ಇರೋ ಮೀಟಿಂಗು. ಯೂರೋಪಲ್ಲಿ ಏನಾಯ್ತು ನೋಡಿ. ಒಂದು ಡಚ್ ವಿಮೆ ಕಂಪನಿ, ಈಗ ಆಕ್ಮಿಯಾ ಅಂತಾರೆ, ಸ್ಲೊವಾಕಿಯಾ ವಿರುದ್ಧ 2012ರಲ್ಲಿ 2.21 ಕೋಟಿ ಯೂರೊ ಗೆಲ್ತು. ಸೀಟ್ ಫ್ರಾಂಕ್‌ಫರ್ಟ್. ಹಾಗಾಗಿ ಸ್ಲೊವಾಕಿಯಾ ಜರ್ಮನ್ ಕೋರ್ಟಿಗೆ ಹೋಯ್ತು, ಜರ್ಮನ್ ಕೋರ್ಟು ಐರೋಪ್ಯ ನ್ಯಾಯಾಲಯಕ್ಕೆ ಪ್ರಶ್ನೆ ಕಳಿಸ್ತು, 2018ರ ಮಾರ್ಚಲ್ಲಿ ಉತ್ತರ ಬಂತು: ಐರೋಪ್ಯ ಒಕ್ಕೂಟದ ದೇಶಗಳು ತಮ್ತಮ್ಮಲ್ಲಿ ಮಾಡ್ಕೊಂಡ ಒಪ್ಪಂದದ ಇಂಥ ಆರ್ಬಿಟ್ರೇಶನ್ ಒಕ್ಕೂಟದ ಕಾನೂನಿಗೆ ಹೊಂದಲ್ಲ. ಅವಾರ್ಡ್ ಢಮಾರ್. ಅಷ್ಟೇ ಆಗಿದ್ರೆ ಒಕ್ಕೂಟದ ಒಳಜಗಳ ಅನ್ಬಹುದಿತ್ತು. 2021ರಲ್ಲಿ ಕೊಮ್‌ಸ್ತ್ರೊಯ್ ಕೇಸ್ ಬಂತು, ಹೂಡಿಕೆದಾರ ಉಕ್ರೇನಿನವನು, ಎದುರಾಳಿ ಮಾಲ್ಡೋವಾ, ಇಬ್ಬರೂ ಒಕ್ಕೂಟದವರಲ್ಲ, ಆದ್ರೂ ಐರೋಪ್ಯ ನ್ಯಾಯಾಲಯ ಮಾತಾಡ್ತು. ಯಾಕೆ? ಸೀಟ್ ಪ್ಯಾರಿಸ್. ಮರುವರ್ಷ ಡ್ಯಾನಿಶ್ ಹೂಡಿಕೆದಾರರು ಸ್ಪೇನ್ ವಿರುದ್ಧ ಹೂಡಿದ್ದ ಸೌರವಿದ್ಯುತ್ ಕೇಸಲ್ಲಿ ಟ್ರಿಬ್ಯೂನಲ್ಲೇ ನಮಗೆ ಅಧಿಕಾರ ಇಲ್ಲ ಅಂತು, ಸೀಟ್ ಸ್ಟಾಕ್‌ಹೋಮ್ ಆಗಿರೋದ್ರಿಂದ ಒಕ್ಕೂಟದ ಕಾನೂನು ಲೆಕ್ಕಕ್ಕೆ ಬರುತ್ತೆ ಅನ್ನೋದು ಮುಖ್ಯ ಕಾರಣಗಳಲ್ಲಿ ಒಂದು.

ಇಷ್ಟು ಹೇಳಿದ ಮೇಲೆ ಯಾರಾದ್ರೂ ಬುದ್ಧಿವಂತರು ಕೇಳ್ತಾರೆ, ಇಕ್ಸಿಡ್‌ಗೆ (ವಿಶ್ವಬ್ಯಾಂಕಿನ ಹೂಡಿಕೆ ವ್ಯಾಜ್ಯ ಕೇಂದ್ರಕ್ಕೆ) ಹೋದ್ರೆ ಸೀಟ್ ವಾಷಿಂಗ್ಟನ್ ಅಲ್ವಾ ಅಂತ. ಅಲ್ಲ. ಇಕ್ಸಿಡ್ ಆಫೀಸು ವಾಷಿಂಗ್ಟನ್ನಲ್ಲಿದೆ, ಅದರ ಆರ್ಬಿಟ್ರೇಶನ್ನಿಗೆ ಸೀಟೇ ಇಲ್ಲ. 1965ರ ಆ ಕನ್ವೆನ್ಷನ್ನಿನ ಚೆಲುವೇ ಅದು, ಯಾವ ದೇಶದ ಕೋರ್ಟೂ ಅವಾರ್ಡ್ ರದ್ದು ಮಾಡೋ ಹಾಗಿಲ್ಲ, ಅವರದ್ದೇ ಮೂರು ಜನರ ಸಮಿತಿ ಮಾತ್ರ. ಆದ್ರೆ ಭಾರತ, ಬ್ರೆಜಿಲ್ ಅದರ ಸದಸ್ಯರಲ್ಲ, ರಷ್ಯಾ 1992ರಲ್ಲಿ ಸಹಿ ಹಾಕಿ ಅಷ್ಟಕ್ಕೇ ಬಿಡ್ತು, ಅಂಥವರ ವಿರುದ್ಧ ಸಾಮಾನ್ಯವಾಗಿ ಮತ್ತೆ ಸೀಟ್ ಇರೋ ದಾರೀಲೇ ಹೋಗ್ಬೇಕು. ಇಕ್ಸಿಡ್ ಅವಾರ್ಡ್ ಇದ್ರೂ ದುಡ್ಡು ಕೈಗೆ ಬಂತು ಅಂತಲ್ಲ, ಸ್ಪೇನ್ ವಿರುದ್ಧ ಗೆದ್ದವರು ದೇಶ ದೇಶದ ಕೋರ್ಟ್ ಅಲೀತಿದಾರೆ, ಅದು ಬೇರೆ ಗೋಳು.

ಗೋಳು ಅಂದ್ರೆ ಯೂಕೋಸ್, ರಷ್ಯಾದ ತೈಲ ಕಂಪನಿ. ಅದರ ಷೇರುದಾರರಿಗೆ 2014ರಲ್ಲಿ ರಷ್ಯಾ ವಿರುದ್ಧ 5,000 ಕೋಟಿ ಡಾಲರ್ ಅವಾರ್ಡ್, ಸೀಟ್ ಹೇಗ್. 2016ರಲ್ಲಿ ಅಲ್ಲಿನ ಕೋರ್ಟ್ ರದ್ದು ಮಾಡ್ತು, 2020ರಲ್ಲಿ ಮೇಲಿನ ಕೋರ್ಟ್ ಮತ್ತೆ ಜೀವ ಕೊಡ್ತು, ಡಚ್ ಸುಪ್ರೀಂ ಕೋರ್ಟ್ ರಷ್ಯಾದ ಕೊನೇ ಮೇಲ್ಮನವಿ ತಳ್ಳಿಹಾಕಿದ್ದು 2025ರ ಅಕ್ಟೋಬರಲ್ಲಿ. ಹನ್ನೊಂದು ವರ್ಷ, ಬರೀ ಹುಟ್ಟೂರಲ್ಲೇ. ಗೆದ್ದವ ಸೋತ, ಸೋತವ ಸತ್ತ ಅಂತ ಸುಮ್ನೆ ಹೇಳಿಲ್ಲ.

ಸ್ವಂತ ಅನುಭವ ಒಂದು ಹೇಳ್ತೀನಿ, ಹೆಸರೆಲ್ಲ ಬೇಡ. ಒಬ್ಬ ವಯಸ್ಸಾದ ಕ್ಲೈಂಟ್, ಪ್ರತಿ ಮೀಟಿಂಗಿಗೂ ನೋಟ್‌ಬುಕ್ ತಂದು ನೀಲಿ ಇಂಕಲ್ಲಿ ಬರ್ಕೊಳ್ಳೋರು. ಅವರ ಕಾಂಟ್ರಾಕ್ಟಲ್ಲಿ ಸೀಟ್ ಒಂದು ಊರು, ಎರಡು ಪುಟ ಆದ್ಮೇಲೆ "ಆರ್ಬಿಟ್ರೇಶನ್ ಕೇವಲ ಇನ್ನೊಂದು ಊರಲ್ಲೇ ನಡೀಬೇಕು" ಅಂತ, ಅದೂ ಬೇರೆ ದೇಶ. ಎರಡು ಹಳೇ ಕಾಂಟ್ರಾಕ್ಟಿಂದ ಯಾರೋ ಕತ್ತರಿಸಿ ಅಂಟಿಸಿದ್ದು. ನಿಜವಾದ ಜಗಳ, ಅಂದ್ರೆ ಮಷೀನು ಸರಿ ಇತ್ತೋ ಇಲ್ವೋ ಅನ್ನೋದು, ಶುರುವಾಗೋಕೆ ಮುಂಚೆ ಹುಟ್ಟೂರು ಯಾವ್ದು ಅಂತ ಹದಿನಾಲ್ಕು ತಿಂಗಳು ವಾದ ಮಾಡಿದ್ವಿ. ಒಂದಿನ ಅವರು ನೋಟ್‌ಬುಕ್ ಮುಚ್ಚಿ, "ಮೇಡಂ, ನಾನು ಮಷೀನ್ ಕೊಂಡಿದ್ದೋ ಭೂಗೋಳ ಕೊಂಡಿದ್ದೋ?" ಅಂತ ಕೇಳಿದ್ರು. ನನಗೆ ನಗೂನೂ ಬಂತು, ಹೊಟ್ಟೆಯೂ ಉರೀತು.

ಇನ್ನೊಂದು ಹೊಸ ವಿಷಯ. ಇಂಗ್ಲೆಂಡಿನ 2025ರ ಆರ್ಬಿಟ್ರೇಶನ್ ಕಾಯ್ದೆ ಅದೇ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಆರ್ಬಿಟ್ರೇಶನ್ ಒಪ್ಪಂದಕ್ಕೆ ಯಾವ ಕಾನೂನು ಅಂತ ನೀವು ನೇರವಾಗಿ ಬರೀದೇ ಇದ್ರೆ, ಸೀಟಿನ ಕಾನೂನೇ. ಇಡೀ ಕಾಂಟ್ರಾಕ್ಟಿಗೆ ಇಂಥ ದೇಶದ ಕಾನೂನು ಅಂತ ಬರೆದ್ರೆ ಸಾಲದು. ಹೂಡಿಕೆ ಒಪ್ಪಂದಗಳಿಂದ ಬರೋ ಆರ್ಬಿಟ್ರೇಶನ್ನಿಗೆ ಈ ನಿಯಮ ಅನ್ವಯಿಸಲ್ಲ. ಅಂದ್ರೆ ಆ ಖಾಲಿ ಜಾಗದ ತೂಕ ಈಗ ಇನ್ನೂ ಜಾಸ್ತಿ ಆಯ್ತು, ಕಮ್ಮಿ ಆಗಲಿಲ್ಲ.

ಹಾಗಾದ್ರೆ ಯಾವ ಊರು ಬರೀಬೇಕು ಅಂತ ಕೇಳ್ಬೇಡಿ. ನಿಮ್ಮ ಕಾಂಟ್ರಾಕ್ಟ್, ಎದುರು ಪಾರ್ಟಿ, ಅವರ ಆಸ್ತಿ ಎಲ್ಲಿದೆ, ಇದ್ಯಾವುದೂ ನೋಡದೆ ಊರ ಹೆಸರು ಹೇಳೋರು ಸಿಕ್ರೆ ಸ್ವಲ್ಪ ದೂರ ಇರಿ. ನಾನು ನೋಡೋದು ಇಷ್ಟು: ಆ ದೇಶ ನ್ಯೂಯಾರ್ಕ್ ಕನ್ವೆನ್ಷನ್ನಿಗೆ ಸೇರಿದ್ಯಾ, ಅಲ್ಲಿನ ಕೋರ್ಟು ಅವಾರ್ಡನ್ನ ಎಷ್ಟು ಸುಲಭಕ್ಕೆ ರದ್ದು ಮಾಡುತ್ತೆ, ಎಷ್ಟು ಹಂತದ ಅಪೀಲು, ಎದುರಾಳಿ ಸರ್ಕಾರ ಆಗಿದ್ರೆ ಅದರ ಸ್ವಂತ ಕೋರ್ಟ್ ಆಗ್ಬಾರ್ದು ಅಂತ ಸಾಮಾನ್ಯವಾಗಿ ಅಂದ್ಕೊಳ್ತೀನಿ, ನೈಜೀರಿಯಾ ನೆನಪಿಟ್ಕೊಂಡು. ಮತ್ತೆ ವೆನ್ಯೂ ಅನ್ನೋ ಪದ ಕಂಡ್ರೆ ಕೆಂಪು ಪೆನ್ನು ತಗೋತೀನಿ.

ಆ ರಾತ್ರಿ ಫೋನಲ್ಲಿ ಇದರಲ್ಲಿ ಅರ್ಧ ಹೇಳಿದೆ, ಪಾಪ ತಾಳ್ಮೆಯಿಂದ ಕೇಳಿಸ್ಕೊಂಡ್ರು, ಸೈನಿಂಗ್ ಒಂದು ದಿನ ಮುಂದಕ್ಕೆ ಹಾಕಿ ಎರಡು ಊರುಗಳ ಬಗ್ಗೆ ಎದುರಿನವರ ಜೊತೆ ಕೂತು ಮಾತಾಡಿ ಒಂದನ್ನ ಒಪ್ಪಿಸಿದ್ರು. ಮರುದಿನ ಸಂಜೆ ಮೆಸೇಜ್ ಬಂತು: "ಸೀಟ್ ಫೈನಲ್ ಆಯ್ತು ಮೇಡಂ, ಥ್ಯಾಂಕ್ಸ್. ಕೆಳಗೆ ವೆನ್ಯೂ ಅಂತ ಇನ್ನೊಂದು ಖಾಲಿ ಜಾಗ ಇದೆ, ಅದಕ್ಕಾದ್ರೂ ನೇರ ವಿಮಾನ ನೋಡ್ಬಹುದಾ?"

ಆ ಸಾಲು ಪೂರ್ತಿ ಅಳಿಸಿ ಅಂತ ಬರೆದು ಕಳಿಸ್ದೆ.